ಅವಳಿ ಬಸಿರು: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಸ್ಕ್ಯಾನಿಂಗ್ ಕೋಣೆಯಿಂದ ಹೊರಗೆ ಬಂದ ಹೆಣ್ಣುಮಗಳು "ಎರಡಿವೆಯಂತೆ" ಎಂದ ಕೂಡಲೇ ಮನೆಯವರು ಕೇಳುವ ಮೊದಲ ಮಾತು ಬಹುಮಟ್ಟಿಗೆ ಒಂದೇ: "ಎರಡೂ ಒಂದೇ ಥರ ಇರ್ತಾವಾ?" ಕೊಡಗಿನ ಉಪಕೇಂದ್ರವೊಂದರಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಬಹುಕಾಲ ದುಡಿದ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳುವ ಆಸೆ ಸಹಜ. ಆದರೆ ಆ ಗಳಿಗೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ. ಮಕ್ಕಳಿಗೆ ತಾಯಿಯಿಂದ ಆಹಾರ, ಉಸಿರು ಒದಗಿಸುವ ಮಾಸು (ಪ್ಲಾಸೆಂಟಾ) ಒಂದೋ, ಎರಡೋ? ಮುಂದಿನ ಸ್ಕ್ಯಾನಿಂಗ್ ಎಷ್ಟು ದಿನಕ್ಕೊಮ್ಮೆ, ಯಾವ ಆಸ್ಪತ್ರೆಯಲ್ಲಿ ಹೆರಿಗೆ, ಯಾವ ವಾರದಲ್ಲಿ ಹೆರಿಗೆ ಎಂಬುದೆಲ್ಲ ಈ ಒಂದು ಉತ್ತರವನ್ನು ಅವಲಂಬಿಸಿದೆ. ಕೊಡಗಿನಲ್ಲಿರುವವರಿಗೆ ಇದರ ಬೆನ್ನಿಗೇ ಎರಡನೆಯ ಪ್ರಶ್ನೆಯೂ ಇದೆ: ಏಳನೆಯ ತಿಂಗಳಿಂದ ಹೆರಿಗೆಯವರೆಗಿನ ದಿನಗಳು ಮಳೆಗಾಲದಲ್ಲಿ ಬೀಳುತ್ತವೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮನೆಯಲ್ಲಿ ಉಳಿದ ಸಿದ್ಧತೆಗಳು ತಾವಾಗಿ ದಾರಿಗೆ ಬರುವುದನ್ನು ನಾನು ನೋಡಿದ್ದೇನೆ.

ಅವಳಿ ಹೇಗೆ ಆಗುತ್ತದೆ

ತಿಂಗಳಿಗೊಂದು ಅಂಡಾಣು ಬಿಡುಗಡೆಯಾಗುವುದು ವಾಡಿಕೆ. ಕೆಲವೊಮ್ಮೆ ಎರಡು ಬಿಡುಗಡೆಯಾಗಿ, ಎರಡಕ್ಕೂ ಬೇರೆ ಬೇರೆ ವೀರ್ಯಾಣು ಸೇರಿ, ಎರಡು ಪ್ರತ್ಯೇಕ ಭ್ರೂಣಗಳು ಬೆಳೆಯುತ್ತವೆ. ಇವು ಭಿನ್ನಾಂಡ ಅವಳಿಗಳು. ಒಂದೇ ಹೊತ್ತಿಗೆ ಹುಟ್ಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂದು ಇವನ್ನು ತಿಳಿದರೆ ಸಾಕು; ಹೋಲಿಕೆಯೂ ಅಷ್ಟೇ ಇರುತ್ತದೆ. ಅವಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಬಗೆಯವು. ತಾಯಿಯ ವಯಸ್ಸು ಮೂವತ್ತೈದರ ಆಸುಪಾಸಿನಲ್ಲಿದ್ದರೆ, ಆಕೆಯ ತವರಿನ ಕಡೆ ಇಂಥ ಅವಳಿಗಳಿದ್ದರೆ, ಮುಂಚೆ ಹಲವು ಹೆರಿಗೆಗಳಾಗಿದ್ದರೆ, ಇಲ್ಲವೇ ಮಕ್ಕಳಾಗಲೆಂದು ಅಂಡೋತ್ಪತ್ತಿಯ ಮಾತ್ರೆ, ಚುಚ್ಚುಮದ್ದು ಅಥವಾ ಐವಿಎಫ್ ಚಿಕಿತ್ಸೆ ಪಡೆದಿದ್ದರೆ ಇದರ ಸಾಧ್ಯತೆ ಹೆಚ್ಚು. ಎರಡು ಅಂಡಾಣು ಬಿಡುವ ಗುಣ ತಾಯಿಯದಾದ್ದರಿಂದ, ಗಂಡನ ಮನೆತನದಲ್ಲಿ ಅವಳಿಗಳಿದ್ದರೆ ಅದು ಈ ಬಸಿರಿನ ಮೇಲೆ ಪರಿಣಾಮ ಬೀರುವುದಿಲ್ಲ.

ಇನ್ನೊಂದು ಬಗೆಯಲ್ಲಿ ಒಂದೇ ಅಂಡಾಣು, ಒಂದೇ ವೀರ್ಯಾಣು ಸೇರಿ ಆದ ಒಂದೇ ಭ್ರೂಣ ಮೊದಲ ಎರಡು ವಾರಗಳೊಳಗೆ ಎರಡಾಗಿ ಒಡೆಯುತ್ತದೆ. ಇವು ಏಕಾಂಡ ಅವಳಿಗಳು. ಇವು ಮನೆತನದಲ್ಲಿ ಹರಿದು ಬರುವುದು ತೀರ ಅಪರೂಪ. ಜಗತ್ತಿನ ಯಾವ ಮೂಲೆಗೆ ಹೋದರೂ ಸಾವಿರ ಹೆರಿಗೆಗಳಲ್ಲಿ ಮೂರು ನಾಲ್ಕರಂತೆ ಕಂಡುಬರುತ್ತವೆ. ಭ್ರೂಣ ಯಾವ ದಿನ ಒಡೆಯಿತು ಎಂಬುದರ ಮೇಲೆ ಒಳಗಿನ ವ್ಯವಸ್ಥೆ ನಿರ್ಧಾರವಾಗುತ್ತದೆ. ಮೊದಲ ಮೂರು ದಿನಗಳಲ್ಲಿ ಒಡೆದರೆ ಎರಡು ಮಾಸು, ಎರಡು ನೀರಿನ ಚೀಲ. ನಾಲ್ಕರಿಂದ ಎಂಟನೆಯ ದಿನದೊಳಗಾದರೆ ಮಾಸು ಒಂದೇ, ನೀರಿನ ಚೀಲ ಮಾತ್ರ ಎರಡು. ಎಂಟನೆಯ ದಿನ ಕಳೆದು ಒಡೆದರೆ ಮಾಸೂ ಒಂದೇ, ಚೀಲವೂ ಒಂದೇ. ಹದಿಮೂರನೆಯ ದಿನದ ಹೊತ್ತಿಗೂ ಪೂರ್ತಿ ಬೇರೆಯಾಗದೆ ಉಳಿದರೆ ಅಪರೂಪದ ಸಯಾಮಿ ಅವಳಿಗಳಾಗುತ್ತವೆ. ಏಕಾಂಡ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ಮಾಸನ್ನು ಹಂಚಿಕೊಂಡಿರುತ್ತವೆ.

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಆಗುತ್ತದೆಂದು ಹೆಣ್ಣುಮಕ್ಕಳ ಕೈಯಿಂದ ಹಣ್ಣು ಕಸಿದುಕೊಳ್ಳುವ ಅಜ್ಜಿಯರು ಈಗಲೂ ಇದ್ದಾರೆ. ತಿಂದ ಹಣ್ಣು ಹೊಟ್ಟೆಗೆ ಹೋಗುತ್ತದೆ, ಗರ್ಭಕೋಶಕ್ಕಲ್ಲ. ಬಾಳೆಹಣ್ಣು ಧಾರಾಳವಾಗಿ ತಿನ್ನಬಹುದು.

ಮೊದಲ ಹೆಜ್ಜೆ: 11ರಿಂದ 14ನೆಯ ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ

ಆರೇಳು ವಾರಕ್ಕೇ ಎರಡು ಗರ್ಭಚೀಲ ಕಂಡು ಸಂಭ್ರಮಪಟ್ಟವರು ಮುಂದಿನ ಸ್ಕ್ಯಾನಿಂಗಿನಲ್ಲಿ ಒಂದೇ ಉಳಿದಿದೆಯೆಂದು ಕೇಳಿ ಕುಸಿಯುವುದುಂಟು. ಅಷ್ಟು ಬೇಗನೆ ಒಂದು ಭ್ರೂಣ ತಾನಾಗಿ ಕರಗಿಹೋಗುವುದು ಅಪರೂಪವಲ್ಲ. ತಾಯಿ ಮೆಟ್ಟಿಲು ಹತ್ತಿದ್ದಕ್ಕೋ, ತೋಟಕ್ಕೆ ಹೋದದ್ದಕ್ಕೋ ಹೀಗಾಗುವುದಿಲ್ಲ. ಯಾರೂ ಆಕೆಯ ಮೇಲೆ ಹೊರೆ ಹಾಕಬಾರದು.

ಮುಖ್ಯವಾದ ಸ್ಕ್ಯಾನಿಂಗ್ 11ನೆಯ ವಾರ ತುಂಬಿದ ಮೇಲೆ, 14ನೆಯ ವಾರ ತುಂಬುವುದರೊಳಗೆ ಆಗಬೇಕು. ಎರಡು ಚೀಲಗಳ ನಡುವಿನ ಪೊರೆ ಮಾಸಿಗೆ ಅಂಟಿಕೊಳ್ಳುವ ಜಾಗ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಾಸು ಎರಡಿದ್ದರೆ ಆ ಜಾಗದಲ್ಲಿ ಪೊರೆಯ ಬುಡ ದಪ್ಪವಾಗಿ, ಸಣ್ಣ ಗುಡ್ಡದ ಕೋಡಿನಂತೆ ಮೇಲೆದ್ದು ನಿಂತಿರುತ್ತದೆ. ವೈದ್ಯರು ಇದನ್ನು ಲ್ಯಾಂಬ್ಡಾ ಗುರುತು ಎನ್ನುತ್ತಾರೆ. ಮಾಸು ಒಂದೇ ಆಗಿದ್ದರೆ ಕೂದಲಿನಷ್ಟು ತೆಳ್ಳಗಿನ ಪೊರೆ ನೇರವಾಗಿ ಮಾಸಿಗೆ ತಾಗಿ, ಇಂಗ್ಲಿಷಿನ 'ಟಿ' ಅಕ್ಷರವನ್ನು ತಲೆಕೆಳಗು ಮಾಡಿ ಇಟ್ಟಂತೆ ಕಾಣುತ್ತದೆ. ವಾರಗಳು ಕಳೆದಂತೆ ಈ ಗುರುತುಗಳು ಅಳಿಸುತ್ತ ಹೋಗುತ್ತವೆ.

ಒಮ್ಮೆ ಕಾಫಿ ತೋಟವೊಂದರ ಲೈನ್ ಮನೆಯಿಂದ (ಕೂಲಿಕಾರರ ಸಾಲುಮನೆ) ಬಂದ ಹುಡುಗಿ ತನ್ನ ತಾಯಿ ಕಾರ್ಡಿನೊಳಗೆ ಮಡಚಿಟ್ಟಿದ್ದ ವರದಿಯನ್ನು ನನ್ನ ಮುಂದಿಟ್ಟಳು. ಐದು ತಿಂಗಳಿಗೆ ಮಾಡಿಸಿದ ಮೊದಲ ಸ್ಕ್ಯಾನಿಂಗ್. ಎರಡು ಮಕ್ಕಳ ತೂಕ, ತಲೆಯ ಸುತ್ತಳತೆ, ಎದೆಬಡಿತ ಎಲ್ಲವೂ ನೀಟಾಗಿ ಬರೆದಿತ್ತು. ಮಾಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆಂದು ಮೂರನೆಯ ತಿಂಗಳಲ್ಲಿ ಬಾರದೆ ಉಳಿದಿದ್ದಳು. ಮನೆಗೆ ಹೋಗಿ ಕರೆತರದೆ ಇದ್ದ ತಪ್ಪು ನನ್ನದೂ ಹೌದು. ಆ ಹೊತ್ತಿಗೆ ಗುರುತು ಹಿಡಿಯಲಾಗದೆ ಹೋದ್ದರಿಂದ, ಮಾಸು ಒಂದೇ ಎಂದು ಭಾವಿಸಿ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕೆಂದು ತಜ್ಞರು ತೀರ್ಮಾನಿಸಿದರು. ಅದೇ ಸರಿಯಾದ ಕ್ರಮ. ಹೆಣ್ಣುಮಗಳು ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಮಡಿಕೇರಿಗೆ ಹೋಗಿಬರಬೇಕಾಯಿತು. ಮೂರನೆಯ ತಿಂಗಳಲ್ಲಿ ಒಂದು ದಿನದ ಕೂಲಿ ಬಿಟ್ಟಿದ್ದರೆ ಆ ಓಡಾಟದಲ್ಲಿ ಅರ್ಧವಾದರೂ ಉಳಿಯುತ್ತಿತ್ತೇನೋ.

ಆದ್ದರಿಂದ ಸ್ಕ್ಯಾನಿಂಗ್ ಮುಗಿದ ಮೇಲೆ ವರದಿಯನ್ನು ಕೈಗೆ ತೆಗೆದುಕೊಂಡು, ಕೋಣೆ ಬಿಡುವ ಮೊದಲೇ, "ಮಾಸು ಎಷ್ಟು, ನೀರಿನ ಚೀಲ ಎಷ್ಟು, ಬರೆದಿದ್ದೀರಾ?" ಎಂದು ಕೇಳಿ. ಡಿಸಿಡಿಎ ಎಂದಿದ್ದರೆ ಎರಡು ಮಾಸು, ಎರಡು ಚೀಲ. ಎಂಸಿಡಿಎ ಎಂದಿದ್ದರೆ ಒಂದು ಮಾಸು, ಎರಡು ಚೀಲ. ಎಂಸಿಎಂಎ ಎಂದರೆ ಎರಡೂ ಒಂದೊಂದೇ. ಅದೇ ಅಕ್ಷರಗಳನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ನಡುರಾತ್ರಿ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಅಲ್ಲಿನ ವೈದ್ಯರು ಮೊದಲು ಹುಡುಕುವುದು ಇದನ್ನೇ. ಯಾವ ಮಗು ಎಡಕ್ಕಿದೆ, ಯಾವುದು ಬಲಕ್ಕಿದೆ, ಯಾವುದು ಕೆಳಗಿದೆ ಎಂದು ಗುರುತಿಸಿ, ಪ್ರತಿ ಸ್ಕ್ಯಾನಿಂಗಿನಲ್ಲೂ ಅದೇ ಹೆಸರಿನಲ್ಲಿ ಬರೆಯುವುದೂ ಅಗತ್ಯ. ಒಂದು ಮಗುವಿನ ತೂಕವನ್ನು ಇನ್ನೊಂದರದೆಂದು ಓದಿಕೊಂಡರೆ ಬೆಳವಣಿಗೆಯ ಲೆಕ್ಕವೇ ತಪ್ಪುತ್ತದೆ.

ಮಾಸು ಎರಡಿದ್ದ ಮಾತ್ರಕ್ಕೆ ಮಕ್ಕಳು ಏಕಾಂಡದವಲ್ಲ ಎಂದೇನಿಲ್ಲ. ಮೊದಲ ಮೂರು ದಿನಗಳಲ್ಲಿ ಒಡೆದವಕ್ಕೂ ಎರಡು ಮಾಸಿರುತ್ತದೆ. ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು ಎರಡೂ 1994ರ ಕಾನೂನಿನ ಪ್ರಕಾರ ಅಪರಾಧ. ಆರೈಕೆಗೆ ಆ ಉತ್ತರ ಬೇಕಾಗಿಯೂ ಇಲ್ಲ.

ಎರಡನೆಯ ಹೆಜ್ಜೆ: ಮಾಸಿನ ಲೆಕ್ಕದಂತೆ ಸ್ಕ್ಯಾನಿಂಗಿನ ದಿನಗಳನ್ನು ಗೊತ್ತುಮಾಡಿ

ಎರಡು ಮಾಸಿದ್ದವರಿಗೆ ಅಂಗಾಂಗಗಳನ್ನು ನೋಡುವ 18–20ನೆಯ ವಾರದ ಸ್ಕ್ಯಾನಿಂಗ್ ಆದ ಮೇಲೆ, ತೊಂದರೆ ಇಲ್ಲದಿದ್ದರೆ ಸುಮಾರು ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆ ನೋಡಿದರೆ ಸಾಕು.

ಮಾಸು ಒಂದೇ ಇದ್ದವರ ಮಾತು ಬೇರೆ. ಒಂದೇ ಮಾಸಿನೊಳಗೆ ಎರಡೂ ಮಕ್ಕಳ ರಕ್ತನಾಳಗಳು ಅಲ್ಲಲ್ಲಿ ಕೂಡಿಕೊಂಡಿರುತ್ತವೆ. ಹೆಚ್ಚಿನ ಬಸಿರುಗಳಲ್ಲಿ ರಕ್ತದ ಕೊಡುಕೊಳ್ಳುವಿಕೆ ಸರಿದೂಗುತ್ತದೆ. ಸುಮಾರು ನೂರರಲ್ಲಿ 10ರಿಂದ 15 ಕಡೆ ತಕ್ಕಡಿ ವಾಲುತ್ತದೆ: ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತಲೇ ಹೋಗಿ, ಕೊಡುವ ಮಗುವಿಗೆ ಮೂತ್ರ ಕಡಿಮೆಯಾಗಿ ಅದರ ಚೀಲದ ನೀರು ಬತ್ತುತ್ತದೆ, ಪಡೆಯುವ ಮಗುವಿನ ಹೃದಯಕ್ಕೆ ಹೊರೆಯಾಗಿ ಅದರ ಚೀಲದಲ್ಲಿ ನೀರು ಮಿತಿಮೀರುತ್ತದೆ. ತಾಯಿಗೆ ಮೊದಮೊದಲು ಏನೂ ಗೊತ್ತಾಗದೆ ಇರಬಹುದು. ಐದಾರು ತಿಂಗಳಲ್ಲಿ ತೀವ್ರವಾದದ್ದನ್ನು ಹಾಗೆಯೇ ಬಿಟ್ಟರೆ ಎರಡೂ ಮಕ್ಕಳು ಕೈತಪ್ಪುವ ಅಪಾಯ ಬಹಳ. ಸಮಯಕ್ಕೆ ಸಿಕ್ಕರೆ ಕೂಡಿಕೊಂಡ ರಕ್ತನಾಳಗಳನ್ನು ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಇದೆ. ಅದನ್ನು ಸಾಮಾನ್ಯವಾಗಿ 16ರಿಂದ 26ನೆಯ ವಾರದ ನಡುವೆ, ಬೆಂಗಳೂರಿನಂಥ ದೊಡ್ಡ ನಗರಗಳ ಭ್ರೂಣವೈದ್ಯಕೀಯ ಕೇಂದ್ರಗಳಲ್ಲಿ ಮಾಡುತ್ತಾರೆ. ಇದಕ್ಕಾಗಿಯೇ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಆಗಲೇಬೇಕು. "ಹೋದ ಸಲ ಎಲ್ಲ ಸರಿಯಾಗಿತ್ತಲ್ಲ, ಈ ಸಲ ಬಿಡೋಣ" ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಹದಿನೈದು ದಿನಗಳಲ್ಲಿ ಚಿತ್ರ ಬದಲಾಗುವ ಬಸಿರು ಇದು. ಸ್ಕ್ಯಾನಿಂಗ್ ನಡುವೆ ಹೊಟ್ಟೆ ನಾಲ್ಕಾರು ದಿನಗಳಲ್ಲಿ ಥಟ್ಟನೆ ದೊಡ್ಡದಾಗಿ ಬಿಗಿದರೆ, ಉಸಿರು ಕಟ್ಟಿದಂತಾದರೆ, ಮುಂದಿನ ತಾರೀಕಿಗೆ ಕಾಯದೆ ಅಂದೇ ಹೋಗಬೇಕು.

ಮಾಸೂ ಚೀಲವೂ ಒಂದೇ ಆದ ಬಸಿರು ಬಲು ಅಪರೂಪ. ಅಲ್ಲಿ ಹೊಕ್ಕುಳಬಳ್ಳಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಭಯವಿರುವುದರಿಂದ ಮೊದಲಿನಿಂದಲೂ ದೊಡ್ಡ ಆಸ್ಪತ್ರೆಯ ತಜ್ಞರ ಕೈಯಲ್ಲೇ ಇರಬೇಕು.

ಮೂರನೆಯ ಹೆಜ್ಜೆ: ಊಟ, ಮಾತ್ರೆ ಮತ್ತು ನಮ್ಮ ಕಾಫಿ

ಎರಡು ಮಕ್ಕಳಿಗೆ ರಕ್ತ ಕಟ್ಟಬೇಕಾದ ತಾಯಿಗೆ ರಕ್ತಹೀನತೆ ಬೇಗ ಬರುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆಯೇ. ನಾಲ್ಕನೆಯ ತಿಂಗಳಿಂದ ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅವಳಿಯವರಿಗೆ ವೈದ್ಯರು ಇದನ್ನು ಹೆಚ್ಚಿಸಬಹುದು. ಜೊತೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಕಾಫಿಯದೂ ಇದೇ ಕಥೆ. ಕೊಡಗಿನ ಮನೆಗಳಲ್ಲಿ ಬೆಳಗಿನ ರೊಟ್ಟಿಯೊಂದಿಗೆ ಬೆಲ್ಲದ ಕಾಫಿ, ಅದರ ಮೇಲೆಯೇ ಮಾತ್ರೆ ನುಂಗುವುದು ನಾನು ಕಂಡ ಅತಿ ಸಾಮಾನ್ಯವಾದ ತಪ್ಪು. ತಿಂಗಳುಗಟ್ಟಲೆ ಮಾತ್ರೆ ತಪ್ಪದೆ ನುಂಗಿದ ಹೆಣ್ಣುಮಕ್ಕಳ ರಕ್ತ ಏರದೆ ಇದ್ದಾಗ ಕಾರಣ ಹುಡುಕಿದರೆ ಅದು ಆ ಲೋಟದಲ್ಲಿ ಸಿಗುತ್ತಿತ್ತು. ಮಾತ್ರೆಗೂ ಕಾಫಿ ಅಥವಾ ಚಹಾಕ್ಕೂ ನಡುವೆ ಒಂದೆರಡು ಗಂಟೆಯಾದರೂ ಅಂತರವಿರಲಿ; ಮಾತ್ರೆಯನ್ನು ಲಿಂಬೆ ಶರಬತ್ತಿನ ಜೊತೆ, ನೆಲ್ಲಿಕಾಯಿ ಅಥವಾ ಕಿತ್ತಳೆಯ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಬಸುರಿಗೆ ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಬೇಡ. ನಮ್ಮಲ್ಲಿ ಹೆಚ್ಚಾಗಿ ಬೆಳೆಯುವ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುವುದರಿಂದ, ತೋಟದ ರೋಬಸ್ಟಾ ಪುಡಿಯ ಗಟ್ಟಿ ಕಾಫಿ ಕುಡಿಯುವವರು ದಿನಕ್ಕೆ ಒಂದು ಸಣ್ಣ ಲೋಟಕ್ಕೆ ನಿಲ್ಲಿಸುವುದು ಒಳ್ಳೆಯದು.

ಅಕ್ಕಿ ರೊಟ್ಟಿ, ಕಡಂಬಟ್ಟು, ನೂಲ್‌ಪುಟ್ಟು ಎಲ್ಲವೂ ಅಕ್ಕಿಯವೇ. ಹೊಟ್ಟೆ ತುಂಬುತ್ತದೆ, ಮಕ್ಕಳ ಮೈ ತುಂಬುವುದಕ್ಕೆ ಮಾತ್ರ ಮೊಟ್ಟೆ, ಮೀನು, ಕೋಳಿ, ಬೇಳೆ, ಹೆಸರುಕಾಳು, ಹಾಲು, ಮೊಸರು, ಸೊಪ್ಪು ಜೊತೆಗಿರಬೇಕು. ಹಂದಿ ಮಾಂಸ ತಿನ್ನುವ ಮನೆಯಲ್ಲಿ ಅದನ್ನು ಒಳಗಿನವರೆಗೆ ಪೂರ್ತಿ ಬೇಯಿಸಿ ಕೊಡಿ. ಮಳೆಗಾಲದ ಕಾಡಿನ ಅಣಬೆ ಈ ತಿಂಗಳುಗಳಲ್ಲಿ ಬೇಡ. ಗುರುತು ತಪ್ಪಿದರೆ ಮೂರು ಜೀವಕ್ಕೆ ಅಪಾಯ. ಕಣಿಲೆಯನ್ನು (ಎಳೆ ಬಿದಿರು) ಚೆನ್ನಾಗಿ ನೀರಲ್ಲಿ ನೆನೆಸಿ, ನೀರು ಬಸಿದು, ಬೇಯಿಸಿದ ಮೇಲೆಯೇ ತಿನ್ನಬೇಕು. ಒಂದೇ ಸಲ ಹೊಟ್ಟೆ ತುಂಬ ಉಣ್ಣಲು ಆಗದ ತಾಯಿ ಅದನ್ನೇ ಐದಾರು ಪಾಲು ಮಾಡಿಕೊಳ್ಳಲಿ. ಬಸಿರಿಗೆ ಮುಂಚೆ ಸಾಧಾರಣ ತೂಕವಿದ್ದವರು ಅವಳಿ ಬಸಿರಿನಲ್ಲಿ ಒಟ್ಟು 17ರಿಂದ 25 ಕಿಲೋ ಏರಬೇಕೆಂಬುದು ಹೊರದೇಶದಲ್ಲಿ ಬಳಕೆಯಲ್ಲಿರುವ ಲೆಕ್ಕ. ನಮ್ಮ ಸಣ್ಣ ಮೈಕಟ್ಟಿನ ಹೆಣ್ಣುಮಕ್ಕಳು ಅಷ್ಟು ಏರದಿದ್ದರೆ ಗಾಬರಿಯಾಗಬೇಕಿಲ್ಲ, ಆದರೆ ತಿಂಗಳಿಂದ ತಿಂಗಳಿಗೆ ತೂಕ ನಿಂತಲ್ಲೇ ನಿಂತರೆ ವೈದ್ಯರಿಗೆ ತಿಳಿಸಬೇಕು. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಸಿಗುತ್ತದೆ; ಹೆಸರು ನೋಂದಾಯಿಸಿ.

ಅವಳಿ ಬಸಿರಿನಲ್ಲಿ ರಕ್ತದೊತ್ತಡ ಏರುವ ಸಾಧ್ಯತೆ ಹೆಚ್ಚಾದ್ದರಿಂದ, ಕೆಲವರಿಗೆ ವೈದ್ಯರು 12ನೆಯ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಮೊದಲ ಬಸಿರೇ, ಹಿಂದೆ ಬಿಪಿ ಇತ್ತೇ, ಮನೆಯಲ್ಲಿ ಯಾರಿಗಾದರೂ ಆಗಿತ್ತೇ ಎಂಬುದನ್ನು ಅವರಿಗೆ ತಿಳಿಸಿ, "ನನಗೆ ಆಸ್ಪಿರಿನ್ ಬೇಕೇ?" ಎಂದು ನೀವೇ ಕೇಳಬಹುದು. ಸ್ವಂತವಾಗಿ ಶುರು ಮಾಡಬಾರದು.

ಪೂರ್ತಿ ಹಾಸಿಗೆ ಹಿಡಿದು ಮಲಗುವುದರಿಂದ ದಿನ ತುಂಬುವ ಮೊದಲಿನ ಹೆರಿಗೆ ತಪ್ಪುವುದಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ. ಮನೆಯೊಳಗಿನ ಹಗುರ ಕೆಲಸ, ಸಮನೆಲದ ನಡಿಗೆ ಒಳ್ಳೆಯದು. ಕಾಫಿ ಮೂಟೆ ಹೊರುವುದು, ಇಳಿಜಾರಿನಲ್ಲಿ ಕೊಯ್ಯುವುದು ಬೇಡ. ತೋಟದಲ್ಲಿ ದುಡಿಯುವ ಹೆಣ್ಣುಮಕ್ಕಳೂ ಹೆರಿಗೆ ರಜೆಯ ಕಾನೂನಿಗೆ ಒಳಪಟ್ಟವರು: ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿದ್ದರೆ, ಎರಡಕ್ಕಿಂತ ಕಡಿಮೆ ಮಕ್ಕಳಿರುವ ತಾಯಿಗೆ 26 ವಾರಗಳ ಸಂಬಳ ಸಹಿತ ರಜೆ, ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ಪಡೆಯಬಹುದು. ಅವಳಿಯವರು ಆ ಎಂಟು ವಾರಗಳನ್ನು ಬೇಗ ಕೇಳಬೇಕು, ಏಕೆಂದರೆ ಇವರ ಹೆರಿಗೆ ತಾರೀಕಿಗೆ ಕಾಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮಳೆಗಾಲವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಹತ್ತು ಅವಳಿ ಬಸಿರುಗಳಲ್ಲಿ ಸುಮಾರು ಆರು 37 ವಾರ ತುಂಬುವ ಮೊದಲೇ ಹೆರಿಗೆಯಾಗುತ್ತವೆ. ಎಲ್ಲವೂ ಸರಿಯಾಗಿದ್ದರೂ ವೈದ್ಯರೇ ಎರಡು ಮಾಸಿನವರಿಗೆ 37ನೆಯ ವಾರದ ಹೊತ್ತಿಗೆ, ಒಂದೇ ಮಾಸಿನವರಿಗೆ 36ನೆಯ ವಾರದ ಹೊತ್ತಿಗೆ, ಮಾಸೂ ಚೀಲವೂ ಒಂದೇ ಆದವರಿಗೆ 32ರಿಂದ 34ನೆಯ ವಾರದೊಳಗೆ ಹೆರಿಗೆ ಮಾಡಿಸುತ್ತಾರೆ. ಆದ್ದರಿಂದ ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ತಾರೀಕು ನಿಮ್ಮ ತಾರೀಕಲ್ಲ. ಹಿಂದಕ್ಕೆ ಎಣಿಸಿ.

ಒಂದು ಉದಾಹರಣೆ ನೋಡೋಣ. ಕಡೆಯ ಮುಟ್ಟಿನ ಮೊದಲ ದಿನ ಡಿಸೆಂಬರ್ 9 ಎಂದಿಟ್ಟುಕೊಂಡರೆ ಕಾರ್ಡಿನಲ್ಲಿ ಸೆಪ್ಟೆಂಬರ್ 15 ಎಂದು ಬರೆದಿರುತ್ತಾರೆ. ಮನೆಯವರು ಮಳೆ ಇಳಿದ ಮೇಲಲ್ಲವೇ ಎಂದು ನಿಶ್ಚಿಂತರಾಗುತ್ತಾರೆ. ಅವಳಿಯ ಲೆಕ್ಕ ಹೀಗೆ: ಮಾಸನ್ನು ನೋಡುವ ಸ್ಕ್ಯಾನಿಂಗ್ ಫೆಬ್ರವರಿ 24ರಿಂದ ಮಾರ್ಚ್ 16ರೊಳಗೆ, ಕಾಫಿಗೆ ಹೂಮಳೆ ಕಾಯುವ ದಿನಗಳಲ್ಲಿ. 16ನೆಯ ವಾರ ತುಂಬುವುದು ಮಾರ್ಚ್ 31ಕ್ಕೆ. 28 ವಾರ ತುಂಬುವುದು ಜೂನ್ 23ಕ್ಕೆ, ಆಗಲೇ ಮಳೆ ಹಿಡಿದಿರುತ್ತದೆ. 34 ವಾರ ಆಗಸ್ಟ್ 4ಕ್ಕೆ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ನಟ್ಟನಡುವೆ. 36 ವಾರ ಆಗಸ್ಟ್ 18ಕ್ಕೆ, 37 ವಾರ ಆಗಸ್ಟ್ 25ಕ್ಕೆ. ಅತ್ಯಂತ ಎಚ್ಚರಿಕೆಯ ವಾರಗಳೆಲ್ಲ ರಸ್ತೆಯ ಮೇಲೆ ಮರ ಬೀಳುವ, ಕರೆಂಟು ಹೋಗುವ, ಮೊಬೈಲ್ ಸಿಗ್ನಲ್ ಸತ್ತುಹೋಗುವ ವಾರಗಳೇ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿಯಿಂದ ಸಂಪಾಜೆಯ ಮೂಲಕ ಮಂಗಳೂರಿಗೆ ಹೋಗುವ ದಾರಿ ತಿಂಗಳುಗಟ್ಟಲೆ ಕೆಟ್ಟುಹೋಗಿದ್ದನ್ನು ನಾವು ಮರೆತಿಲ್ಲ. ಭಾಗಮಂಡಲದಲ್ಲಿ ಸಂಗಮದ ನೀರು ರಸ್ತೆಗೆ ಬರುವುದು ಹಲವು ಮಳೆಗಾಲಗಳ ಅನುಭವ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140 ಕಿಲೋಮೀಟರ್. ಒಳ್ಳೆಯ ಹವೆಯಲ್ಲೇ ಮೂರು ಗಂಟೆಯ ಆಸುಪಾಸಿನ ಪ್ರಯಾಣ. ಏಳು ತಿಂಗಳ ಅವಳಿ ಬಸುರಿಗೆ ನೋವು ಕಾಣಿಸಿಕೊಂಡ ಮೇಲೆ ಘಾಟಿ ಇಳಿಯಲು ಹೊರಡುವ ಪರಿಸ್ಥಿತಿಯನ್ನೇ ತಂದುಕೊಳ್ಳಬಾರದು.

ಆದ್ದರಿಂದ ಇಪ್ಪತ್ತನಾಲ್ಕನೆಯ ವಾರದೊಳಗೆ ಮನೆಯವರೆಲ್ಲ ಕೂತು ಎರಡು ವಿಷಯ ತೀರ್ಮಾನಿಸಿ. ಹೆರಿಗೆ ಎಲ್ಲಿ ಎಂಬುದು ಒಂದು: ಹಗಲುರಾತ್ರಿ ಶಸ್ತ್ರಚಿಕಿತ್ಸೆ ಮಾಡಬಲ್ಲ, ರಕ್ತನಿಧಿ ಇರುವ, ದಿನ ತುಂಬದ ಶಿಶುಗಳನ್ನು ನೋಡಿಕೊಳ್ಳುವ ಘಟಕ ಇರುವ ಜಾಗವೇ ಆಗಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ತಪಾಸಣೆಗೆ ಸರಿ, ಅವಳಿ ಹೆರಿಗೆಗೆ ಅಲ್ಲ. ಮಡಿಕೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲೇ ಆಗಬಹುದೇ, ಮೈಸೂರಿಗೆ ಹೋಗಬೇಕೇ ಎಂಬುದನ್ನು ನಿಮ್ಮನ್ನು ನೋಡುತ್ತಿರುವ ಹೆರಿಗೆ ತಜ್ಞರನ್ನೇ ನೇರವಾಗಿ ಕೇಳಿ. ಎರಡನೆಯದು, ಮಳೆಯ ವಾರಗಳಲ್ಲಿ ತಾಯಿ ಎಲ್ಲಿರಬೇಕು ಎಂಬುದು. ಊರಿನ ಮೂಲೆಯಲ್ಲಿ ಮನೆ ಇದ್ದರೆ 28ನೆಯ ವಾರದಿಂದಲೇ, ತಡವೆಂದರೆ 32ನೆಯ ವಾರದಿಂದ, ಆ ಆಸ್ಪತ್ರೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವ ನೆಂಟರ ಮನೆಗೆ ಹೋಗಿ ಇರುವುದು ಕ್ಷೇಮ. ತವರಿಗೆ ಕಳಿಸುವ ಪದ್ಧತಿ ಒಳ್ಳೆಯದೇ, ಆದರೆ ತವರು ಹೊಳೆಯಾಚೆ ಇದ್ದರೆ ಈ ಒಂದು ಸಲಕ್ಕೆ ಪದ್ಧತಿಯನ್ನು ಬದಿಗಿಡಿ. ನಾನು ಇದನ್ನು ಹೇಳಿದಾಗ ಅತ್ತೆಯೊಬ್ಬರು, "ಹಬ್ಬ ಬಿಟ್ಟು ಸೊಸೆಯನ್ನು ಪೇಟೆಗೆ ಕಳಿಸುವುದೇ, ಸಿಸ್ಟರೇ?" ಎಂದು ಕಣ್ಣೀರು ಹಾಕಿದ್ದರು. ಕೈಲ್‌ಪೊಳ್ದಿನ ಊಟವನ್ನು ಅವರೇ ಬುತ್ತಿ ಕಟ್ಟಿಕೊಂಡು ಹೋಗಿ ಪೇಟೆಯ ಮನೆಯಲ್ಲಿ ಬಡಿಸಿ ಬಂದರು.

ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. 108 ವಾಹನ ಬರಲಾಗದ ದಾರಿಯಾದರೆ ಊರಿನಲ್ಲಿ ಜೀಪು ಇರುವ ಇಬ್ಬರ ನಂಬರನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಚಾರ್ಜು ಮುಗಿದ ಮೊಬೈಲಿನೊಳಗಿನ ನಂಬರು ಯಾರ ಉಪಯೋಗಕ್ಕೂ ಬಾರದು.

ಯಾವಾಗ ತಡಮಾಡದೆ ಹೊರಡಬೇಕು

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಊದಿಕೊಳ್ಳುವುದು ಇವು ಬಿಪಿ ಏರಿದ ಗುರುತುಗಳು. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂದೇ ವೈದ್ಯರು ನೋಡಬೇಕು. ರಕ್ತ ಕಾಣಿಸಿದರೆ, ನೀರು ಹೋದರೆ, ಮಕ್ಕಳ ಓಡಾಟ ಕಡಿಮೆಯೆನಿಸಿದರೆ ಕಾಯಬಾರದು. ಅಂಗೈ ಅಂಗಾಲು ರಾತ್ರಿ ನಿದ್ದೆ ಬಾರದಷ್ಟು ತುರಿಸಿದರೆ ಅದು ಪಿತ್ತಜನಕಾಂಗದ ತೊಂದರೆಯಾಗಿರಬಹುದು, ರಕ್ತ ಪರೀಕ್ಷೆ ಬೇಕು. ಸೊಂಟ ಹಿಡಿದುಕೊಂಡು ಹೊಟ್ಟೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಲ್ಲಿನಂತೆ ಗಟ್ಟಿಯಾಗುತ್ತಿದ್ದರೆ ಅದನ್ನು ಗ್ಯಾಸು ಎಂದು ಕಷಾಯ ಕುಡಿಸಿ ಮಲಗಿಸಬೇಡಿ.

ಬೇಗ ತಲುಪುವುದರ ಲಾಭ ದೊಡ್ಡದು. 34 ವಾರದೊಳಗೆ ಹೆರಿಗೆಯಾಗುವ ಲಕ್ಷಣವಿದ್ದರೆ ಮಕ್ಕಳ ಶ್ವಾಸಕೋಶ ಬಲಿಯಲು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ: 6 ಮಿಲಿಗ್ರಾಂನಂತೆ, 12 ಗಂಟೆಗೊಂದು, ಒಟ್ಟು ನಾಲ್ಕು. ಇದು ಕೆಲಸ ಮಾಡಲು ಗಂಟೆಗಳು ಬೇಕು. ಬೆಳಗಿನವರೆಗೆ ನೋಡೋಣ ಎಂದು ಕಳೆದ ರಾತ್ರಿಯೇ ಆ ಗಂಟೆಗಳನ್ನು ತಿಂದುಹಾಕುತ್ತದೆ.

ಹೆರಿಗೆ

ಅವಳಿ ಎಂದ ಕೂಡಲೇ ಸಿಸೇರಿಯನ್ ಎಂದಲ್ಲ. ಚೀಲ ಎರಡಿದ್ದು, ಕೆಳಗಿರುವ ಮೊದಲ ಮಗುವಿನ ತಲೆ ಕೆಳಮುಖವಾಗಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೆ, ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಮೊದಲನೆಯದು ಹುಟ್ಟಿದ ಮೇಲೆ ಎರಡನೆಯದಕ್ಕೆ ಜಾಗ ಸಿಕ್ಕಿ ಅದು ಅಡ್ಡ ತಿರುಗಬಹುದು. ಅನುಭವಿ ವೈದ್ಯರು ಅದನ್ನು ನೇರ ಮಾಡಿ ತೆಗೆಯುತ್ತಾರೆ, ಆಗದಿದ್ದರೆ ಆ ಕ್ಷಣವೇ ಸಿಸೇರಿಯನ್ ಮಾಡುತ್ತಾರೆ. ಇದಕ್ಕಾಗಿಯೇ ಶಸ್ತ್ರಚಿಕಿತ್ಸಾ ಕೋಣೆ ಪಕ್ಕದಲ್ಲಿರಬೇಕೆಂದು ಮೇಲೆ ಒತ್ತಿ ಹೇಳಿದ್ದು. ಬಹಳ ಹಿಗ್ಗಿದ ಗರ್ಭಕೋಶ ಹೆರಿಗೆಯಾದ ಮೇಲೆ ಬೇಗ ಕುಗ್ಗದೆ ರಕ್ತಸ್ರಾವ ಹೆಚ್ಚಾಗಬಹುದಾದ್ದರಿಂದ, ರಕ್ತ ಕೊಡಬಲ್ಲ ಇಬ್ಬರನ್ನು ಮುಂಚೆಯೇ ಗೊತ್ತುಮಾಡಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಅವಳಿಗಳಲ್ಲಿ ಹೆಚ್ಚಿನವು ಎರಡೂವರೆ ಕಿಲೋಗಿಂತ ಕಡಿಮೆ ತೂಗುತ್ತವೆ. ಕೊಡಗಿನ ಚಳಿಯಲ್ಲಿ, ಮಳೆಯಲ್ಲಿ ಇಂಥ ಕೂಸನ್ನು ಬೆಚ್ಚಗಿಡಲು ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದು ನಮ್ಮ ಮನೆಗಳ ರೂಢಿ. ಹೊಗೆ ಕಾಣದಿದ್ದರೂ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಮುಚ್ಚಿದ ಕೋಣೆಯಲ್ಲಿ ತುಂಬಿ ನಿದ್ದೆಯಲ್ಲೇ ಜೀವ ತೆಗೆಯಬಲ್ಲದು. ಅದರ ಬದಲು ಮೈಗೆ ಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಳ್ಳುವ ಕಾಂಗರೂ ಆರೈಕೆ ಮಾಡಿ: ಕೂಸಿಗೆ ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಎದೆಯ ನಡುವೆ ಕಪ್ಪೆಯಂತೆ ಅಂಟಿಸಿ, ಮೇಲಿಂದ ಶಾಲು ಕಟ್ಟಬೇಕು. ಮಕ್ಕಳು ಎರಡಾದ್ದರಿಂದ ಒಂದನ್ನು ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಎದೆಗೇರಿಸಿಕೊಳ್ಳಲಿ. ಲೈನ್ ಮನೆಯೊಂದರಲ್ಲಿ ಸುರಿಯುವ ಮಳೆಯ ಸದ್ದಿನ ನಡುವೆ, ತೋಟದ ಕೆಲಸ ಮುಗಿಸಿ ಬಂದು ಬಿಸಿನೀರಲ್ಲಿ ಮಿಂದ ಯುವಕನೊಬ್ಬ ಅಂಗಿ ಬಿಚ್ಚಿ ಗೋಡೆಗೊರಗಿ ಕೂತು, ಒಂದು ಮುಕ್ಕಾಲು ಕಿಲೋದ ಮಗನನ್ನು ಎದೆಯ ಮೇಲೆ ಇಟ್ಟುಕೊಂಡು ಕದಲದೆ ಎರಡು ಗಂಟೆ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂಸಿನ ಅಂಗಾಲು ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ಎದೆಹಾಲು ಎರಡು ಮಕ್ಕಳಿಗೂ ಸಾಲುತ್ತದೆ, ಏಕೆಂದರೆ ಮಕ್ಕಳು ಎಷ್ಟು ಚೀಪುತ್ತವೆಯೋ ಅಷ್ಟು ಹಾಲು ಹುಟ್ಟುತ್ತದೆ. ಪ್ರತಿ ಮಗುವಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು. ಎರಡು ಕಂಕುಳಲ್ಲಿ ಎರಡು ದಿಂಬಿಟ್ಟು, ಮಕ್ಕಳ ಕಾಲು ಹಿಂದಕ್ಕೆ ಬರುವಂತೆ ಹಿಡಿದು ಒಟ್ಟಿಗೆ ಕುಡಿಸುವುದನ್ನು ಆಸ್ಪತ್ರೆಯಲ್ಲೇ ಕಲಿತುಕೊಂಡು ಬನ್ನಿ. ಚೀಪಲು ಶಕ್ತಿಯಿಲ್ಲದ ಕೂಸಿಗೆ ಹಿಂಡಿದ ಹಾಲನ್ನು ಚಮಚ ಅಥವಾ ಒಳಲೆಯಲ್ಲಿ ಕೊಡಿ. ಒಳಲೆಯನ್ನು ಪ್ರತಿ ಸಲ ನೀರಲ್ಲಿ ಕುದಿಸಿ. ಬಾಣಂತಿಗೆ ನೀರು ಕೊಡಬಾರದೆಂಬ ಮಾತನ್ನು ಈ ತಾಯಿಯ ಹತ್ತಿರ ಸುಳಿಯಗೊಡಬೇಡಿ: ಇಬ್ಬರಿಗೆ ಹಾಲೂಡುವವಳಿಗೆ ಕುಡಿದಷ್ಟು ಬಿಸಿನೀರು, ಸಾರು, ಗಂಜಿ ಬೇಕು. ಎರಡು ವಾರ ಕಳೆದರೂ ಆಕೆಯ ಅಳು ನಿಲ್ಲದಿದ್ದರೆ, ಮಕ್ಕಳನ್ನು ಮುಟ್ಟಲು ಮನಸ್ಸಾಗದಿದ್ದರೆ, ಅದನ್ನು ಸೋಮಾರಿತನ ಎನ್ನಬಾರದು. ಅದು ಕಾಯಿಲೆ, ವಾಸಿಯಾಗುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟಲವನ್ನು ಹುಟ್ಟಿದ ನಾಲ್ಕು ವಾರದೊಳಗೆ ಪರೀಕ್ಷಿಸಬೇಕು. ತಡವಾದರೆ ದೃಷ್ಟಿ ಮರಳಿ ಬಾರದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಆ ತಾರೀಕನ್ನು ಬರೆಸಿಕೊಳ್ಳಿ. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ಕತ್ತು ನಿಲ್ಲುವುದು, ಕೂರುವುದು, ನಡೆಯುವುದನ್ನು ಮಾತ್ರ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ: ಎಂಟು ವಾರ ಮುಂಚೆ ಹುಟ್ಟಿದ ಕೂಸು ಆರು ತಿಂಗಳಲ್ಲಿ ನಾಲ್ಕು ತಿಂಗಳ ಕೂಸಿನಂತೆ ಇದ್ದರೆ ಅದು ಸರಿಯಾಗಿಯೇ ಬೆಳೆಯುತ್ತಿದೆ.

ಇನ್ನು ಒಂದು ನೋಟುಬುಕ್ಕು ತನ್ನಿ. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಒಂದು ಮಗು, ಬಲಕ್ಕೆ ಇನ್ನೊಂದು. ಕುಡಿದ ಹೊತ್ತು, ಒದ್ದೆ ಮಾಡಿದ್ದು, ಕೊಟ್ಟ ಹನಿಮದ್ದು ಆಗಿಂದಾಗಲೇ ಬರೆಯಿರಿ. ಬೆಳಗಿನ ಜಾವ ಮೂರು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಒಂದೇ ಮುಖದ ಎರಡು ಕೂಸುಗಳಲ್ಲಿ ಯಾವುದಕ್ಕೆ ವಿಟಮಿನ್ ಹನಿ ಹಾಕಿಯಾಯಿತು ಎಂದು ಹೆತ್ತ ತಾಯಿಗೂ ನೆನಪಿರುವುದಿಲ್ಲ. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆ ಬಂದಾಗ ಎರಡೂ ಮಕ್ಕಳ ತೂಕವನ್ನು ಅದೇ ಪುಟದಲ್ಲಿ ಬರೆಸಿ, ಒಂದರ ತೂಕ ನಿಂತು ಇನ್ನೊಂದರದು ಮಾತ್ರ ಏರುತ್ತಿದ್ದರೆ ನಿಂತ ಮಗುವಿಗೆ ಮೊದಲು ಹಾಲು ಕುಡಿಸಲು ಆರಂಭಿಸಿ, ಆ ವಾರವೇ ಮಕ್ಕಳ ವೈದ್ಯರಿಗೆ ನೋಟುಬುಕ್ಕಿನ ಜೊತೆ ತೋರಿಸಿ.